ಹಿಂದಿನ ಮನೆ ಮಾಮ ಹೇಳಿಕೊಟ್ಟ ಡಂಗುರ

ಮೊನ್ನೆ ಬೆಳಿಗ್ಗೆ ಹಾಲಿಗೆಂದು ಹೋದಾಗ ಕ್ರಾಸಿನ ತಿರುವಿನಲ್ಲಿ ನಾಲ್ಕು ಜನ ಹಳೇ ಪೇಪರಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ತಪ್ಪದೆ ವೋಟು ಹಾಕಿ ಅಂತ ಬೀದಿಬೀದಿಗೆ ಸಾರಲು ಬಂದವರಂತೆ. ಬಿಸಿಯಾದ ಚರ್ಮದ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಹಾಲಿನ ಬೂತು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಆ ವಾಸನೆ ನನಗೆ ಮೊದಲು ಗೊತ್ತಾದದ್ದು ನಮ್ಮ ಹಿತ್ತಲಲ್ಲೇ, ಹತ್ತು ವರ್ಷದವಳಿದ್ದಾಗ.

ನಮ್ಮ ಮಲ್ಲೇಶ್ವರಂ ಮನೆಯ ಹಿಂದೆ ಎರಡು ಕೋಣೆಯ ಸಣ್ಣ ಮನೆಯೊಂದಿತ್ತು. ಅಲ್ಲಿ ಬಾಡಿಗೆಗಿದ್ದವರನ್ನು ನಾನು ಹಿಂದಿನ ಮನೆ ಮಾಮ ಅನ್ನುತ್ತಿದ್ದೆ. ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿ, ಅಂಬೆಗಾಲಿಡುವ ಒಂದು ಮಗು. ಎಂಟು ಕಡೆ ಇಲ್ಲ ಅನ್ನಿಸಿಕೊಂಡ ಮೇಲೆ ನಮ್ಮ ಮನೆ ಸಿಕ್ಕಿದ್ದಂತೆ. ಅಪ್ಪನ ಸ್ನೇಹಿತರು ಕಳಿಸಿದ್ದರಿಂದ ಅಜ್ಜಿ ಅವರನ್ನು ಹೆಚ್ಚು ವಿಚಾರಿಸಿರಲಿಲ್ಲ. ಅಂಥ ಮರ್ಯಾದಸ್ಥರು ಹುಡುಕಿದರೂ ಸಿಗಲ್ಲ ಅಂತ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಎರಡು ವರ್ಷ ಇದ್ದರೋ, ಮೂರೋ... ಲೆಕ್ಕ ಸಿಗುತ್ತಿಲ್ಲ.

ಒಂದು ದಿನ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ‘ಡಂಗುರ’ ಪದದ ಅರ್ಥ ಮತ್ತು ಮೂಲ ಬರೆದುಕೊಂಡು ಬನ್ನಿ ಅಂದರು. ಅರ್ಥ ಸುಲಭ. ಊರಿಗೆಲ್ಲ ವಿಷಯ ಸಾರುವುದು, ಸಾರುವಾಗ ಬಾರಿಸುವ ವಾದ್ಯ. ಮೂಲಕ್ಕೆ ಬಂದಾಗ ತಲೆ ಕೆಟ್ಟುಹೋಯಿತು. ಅಪ್ಪ, ವಾದ್ಯದ ಸದ್ದಿನಿಂದಲೇ ಬಂದಿರಬೇಕು ಅಂದರು. ಅಂಗಡಿಯವರು ತೆಲುಗಿನ ದಂಡೋರ ಅಂದರು, ಹೂವಿನಾಕೆ ತಮಿಳಿನ ತಂಡೋರಾ ಅಂದಳು. ಯಾವುದರಿಂದ ಯಾವುದು ಹುಟ್ಟಿತು ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

ಕೊನೆಗೆ ಮಾಮನ ಹತ್ತಿರ ಹೋದೆ. ಅವರು ನನ್ನ ನೋಟ್‌ಬುಕ್ ತೆಗೆದುಕೊಂಡು ನೋಡಿದರು. ಆಮೇಲೆ ಅಟ್ಟದಿಂದ ಗೋಣಿಚೀಲದಲ್ಲಿ ಸುತ್ತಿದ್ದ ತಮಟೆಯೊಂದನ್ನು ಇಳಿಸಿ, ಹಿತ್ತಲಲ್ಲಿ ಪೇಪರು ಉರಿಸಿ ಕಾಯಿಸಿದರು. ಬಡಿಯಲಿಲ್ಲ. ಬೆರಳ ತುದಿಯಲ್ಲಿ ಮೆತ್ತಗೆ ತಟ್ಟಿ, ನನಗಷ್ಟೇ ಕೇಳಿಸುವಂತೆ ಕೂಗಿ ತೋರಿಸಿದರು. “ಕೇಳ್ರಪ್ಪೋ ಕೇಳ್ರಿ, ನಾಳೆ ಬೆಳಿಗ್ಗೆ ಕೆರೆ ಕೆಲಸಕ್ಕೆ ಮನೆಗೊಬ್ರು ಬರ್ಬೇಕು...”

ಊರಲ್ಲಿ ಅವರ ಅಪ್ಪ ಡಂಗುರ ಹೊಡೆಯುವವರಾಗಿದ್ದರಂತೆ.

“ಎಲ್ಲಾ ಬೀದೀನೂ ಸುತ್ತುತಿದ್ರಾ ಮಾಮ?”

“ಎಲ್ಲಾ ಅಲ್ಲಮ್ಮ. ಎರಡು ಬೀದಿಗೆ ಕಾಲಿಡೋ ಹಾಗಿರ್ಲಿಲ್ಲ. ತುದೀಲಿ ನಿಂತ್ಕೊಂಡು ಗಂಟಲು ಕಿತ್ಹೋಗೋ ಹಾಗೆ ಕೂಗೋರು. ಕೊನೇ ಮನೆಯವರಿಗೆ ಕೇಳಿಸ್ಲಿಲ್ಲ ಅಂದ್ರೆ, ಬೈಸ್ಕೊಳೋರೂ ಅವರೇ.”

“ಯಾಕೆ ಕಾಲಿಡೋ ಹಾಗಿರ್ಲಿಲ್ಲ?”

“ಅದನ್ನ ನಿಮ್ ಮೇಷ್ಟ್ರು ಕೇಳಿಲ್ವಲ್ಲ,” ಅಂತ ನಕ್ಕರು.

ಮನೆಯಲ್ಲಿ ಹೇಳಬೇಡ ಅಂತ ಅವರು ನನಗೆ ಹೇಳಲೇ ಇಲ್ಲ. ನನ್ನನ್ನು ನಂಬಿದ್ದರೋ, ಮರೆತರೋ, ಮುಚ್ಚಿಟ್ಟುಕೊಂಡು ಸಾಕಾಗಿತ್ತೋ... ಎಷ್ಟು ಸಲ ಯೋಚಿಸಿದರೂ ಬಗೆಹರಿದಿಲ್ಲ.

ನಾನೋ ಮೊದಲೇ ಬಾಯಿಬಡಕಿ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಅಜ್ಜಿ, ಹಿಂದಿನ ಮನೆ ಮಾಮನ ಅಪ್ಪ ತಮಟೆ ಹೊಡ್ಕೊಂಡು ಹೋಗ್ವಾಗ ಎರಡು ಬೀದಿಯೊಳಗೆ ಯಾಕೆ ಹೋಗೋ ಹಾಗಿರ್ಲಿಲ್ಲ?”

ಅಜ್ಜಿ ಅಪ್ಪನ ಮುಖ ನೋಡಿದಳು. “ಯಾರಿಗೆ ಮನೆ ಕೊಟ್ಟಿದೀಯ ನೀನು?” ಅಂದಳು. ಅಪ್ಪ ನನ್ನ ಕಡೆ ತಿರುಗಿ, “ಸುಮ್ನೆ ಊಟ ಮಾಡು,” ಅಂದರು. ಬೈಸಿಕೊಳ್ಳುವಂಥದ್ದು ಏನು ಕೇಳಿದೆ ಅಂತ ನನಗೆ ತಲೆಬುಡ ಅರ್ಥವಾಗಲಿಲ್ಲ.

ಭಾನುವಾರ ಅಜ್ಜಿ ನನ್ನನ್ನು ಕರೆದು, ಮನೆ ರಿಪೇರಿ ಮಾಡಿಸಬೇಕು, ತಿಂಗಳ ಕೊನೆಗೆ ಖಾಲಿ ಮಾಡಬೇಕು ಅಂತ ಹಿಂದಿನ ಮನೆಗೆ ಹೇಳಿ ಬಾ ಅಂದಳು. ಹೊಸ್ತಿಲಲ್ಲಿ ನಿಂತು ಪಾಠ ಒಪ್ಪಿಸುವಂತೆ ಒಪ್ಪಿಸಿದೆ. ಮಾಮನ ಹೆಂಡತಿ ಮಗುವಿಗೆ ತಲೆ ಬಾಚುತ್ತಿದ್ದರು. “ಮತ್ತೆ ಮನೆ ಹುಡುಕ್ಬೇಕಾ?” ಅಂದರು, ಗಂಡನಿಗೆ. ಮಾಮ ಮಾತಾಡಿಸಿದ್ದು ನನ್ನನ್ನು.

“ಹೋಮ್‌ವರ್ಕಿಗೆ ಎಷ್ಟು ಮಾರ್ಕ್ಸ್ ಬಂತಮ್ಮ?”

“ಹತ್ತಕ್ಕೆ ಒಂಬತ್ತು ಮಾಮ.”

“ಒಳ್ಳೇದಾಯ್ತು,” ಅಂದರು.

ಅವರು ಸಾಮಾನು ಸಾಗಿಸಿದ ದಿನ ಅಜ್ಜಿ ಆ ಎರಡೂ ಕೋಣೆಗಳನ್ನು ಅರಿಶಿನದ ನೀರು ಹಾಕಿ ಎರಡೆರಡು ಸಲ ತೊಳೆಸಿದಳು. ಬಾವಿಯಿಂದ ನೀರು ಹೊತ್ತು ಕೊಟ್ಟವರಲ್ಲಿ ನಾನೂ ಇದ್ದೆ. ಗಾರೆಯವರು ಬರಲಿಲ್ಲ, ಸುಣ್ಣವೂ ಬಳಿಯಲಿಲ್ಲ. ರಿಪೇರಿ ಯಾವಾಗ ಅಂತ ಕೇಳಿದ್ದಕ್ಕೆ ಅಜ್ಜಿ, “ಆಯ್ತಲ್ಲ,” ಅಂದಳು. ಮುಂದಿನ ತಿಂಗಳು ಬೇರೆ ಸಂಸಾರ ಬಂತು.

ಹತ್ತು ವರ್ಷದ ಹುಡುಗಿಗೆ ಏನು ಗೊತ್ತಾಗಬೇಕು ಅಂತ ಈಗ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಇಪ್ಪತ್ತಕ್ಕೆ ಎಲ್ಲಾ ಗೊತ್ತಾಗಿತ್ತು. ಕಾಲೇಜಿನಿಂದ ಬರುವಾಗ ಒಂದು ಸಂಜೆ ಮಾಮ ನಾನಿದ್ದ ಬಸ್ಸಿಗೇ ಹತ್ತಿದರು. ಕೂದಲು ಪೂರಾ ನೆರೆತಿತ್ತು. ಗುರುತು ಹಿಡಿದವರೂ ಅವರೇ. “ಚೆನ್ನಾಗಿದೀಯೇನಮ್ಮ? ಅಜ್ಜಿ ಹೇಗಿದಾರೆ?” ಅಂದರು. ಚೆನ್ನಾಗಿದ್ದಾರೆ ಅಂದೆ. ಅವರು ಈಗ ಎಲ್ಲಿ ಮನೆ ಮಾಡಿದ್ದಾರೆ ಅಂತ ಕೇಳಬೇಕಿತ್ತು. ತಪ್ಪಾಯಿತು ಅನ್ನಬೇಕಿತ್ತು. ಬಾಯಿಬಡಕಿಯ ಬಾಯಿ ಅವತ್ತೇ ಕಟ್ಟಿಹೋಯಿತು... ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ನನ್ನ ಸ್ಟಾಪು ಇನ್ನೂ ಮೂರು ಮುಂದಿತ್ತು.

ಆಮೇಲೆ ಅವರನ್ನು ನಾನು ನೋಡಲಿಲ್ಲ. ಅಜ್ಜಿ ತೀರಿಹೋದಳು, ಅಪ್ಪನೂ ಹೋದರು. ಕೇಳಿ ತಿಳಿದುಕೊಳ್ಳೋಣ ಅಂದರೆ ಮಾಮನ ವಿಳಾಸ ಬಲ್ಲವರು ಯಾರೂ ಉಳಿದಿಲ್ಲ. ಮಾಮ ಈಗ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿದ್ದರೂ, ನನಗೊಂದು ಮಾತು ತಿಳಿಸಬೇಕು ಅಂತ ಅವರ ಮನೆಯಲ್ಲಿ ಯಾರಿಗೂ ಅನ್ನಿಸಿರಲಾರದು.