ಟೈಪಕ್ಕನ ಒಂದು ‘ವೆ’

ಕಾನೂನು ಇಲಾಖೆಯಲ್ಲಿ ಎಲ್ಲರೂ ಟೈಪಕ್ಕ ಎಂದು ಕರೆಯುವ ಬೆರಳಚ್ಚುಗಾರ್ತಿ ಮೂವತ್ತು ವರ್ಷದ ನೌಕರಿಯಲ್ಲಿ ಮಾಡಿದ್ದು ಒಂದೇ ತಪ್ಪು, ಅದೂ ಬೇಕೆಂದೇ. ಕೈದಿಯನ್ನು ಮೂರು ದಿನ ನಿದ್ದೆಗೆಡಿಸಿ ನಿಲ್ಲಿಸಿದರೆ ‘ಅದು ಹಿಂಸೆಯಲ್ಲ’ ಎಂದು ಸರ್ಕಾರಿ ವಕೀಲರು ಅಭಿಪ್ರಾಯ ಬರೆಸಿದಾಗ, ಅವಳು ಕೊನೆಗೆ ಒಂದು ‘ವೆ?’ ಅಂಟಿಸಿ, ಏನೂ ಅರಿಯದವಳಂತೆ ಮೇಜಿನ ಮೇಲಿಟ್ಟಳು. ‘ಅದು ಹಿಂಸೆಯಲ್ಲವೆ?’ ಎಂದು ಓದಿದ ವಕೀಲರು ಆ ‘ವೆ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅವಳಿಗೆ ಚೆನ್ನಾಗಿ ಉಗಿದು, ಹೊಸ ಹಾಳೆಗೆ ಸಹಿ ಮಾಡಿದರು. ಕೆಟ್ಟ ಹಾಳೆ ಕಚೇರಿಯ ಉಳಿದ ರದ್ದಿಯಂತೆ ಟೈಪಕ್ಕನ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಾಯಿತು.

ಐದು ವರ್ಷದ ಮೇಲೆ ಸರ್ಕಾರ ಬದಲಾಗಿ, ಕೈದಿಗೆ ಕೊಟ್ಟ ಹಿಂಸೆಗಾಗಿ ವಕೀಲರ ಮೇಲೂ ಮೊಕದ್ದಮೆ ಹೂಡಬೇಕೇ ಎಂಬ ವಿಚಾರಣೆ ನಡೆಯಿತು.

“ನಾನು ಯಾರ ಮೈನೂ ಮುಟ್ಟಿಲ್ಲ ಸ್ವಾಮಿ,” ಎಂದು ವಕೀಲರು ಅಲವತ್ತುಕೊಂಡರು. “ಈಯಮ್ಮ ಏನು ಟೈಪ್ ಮಾಡಿಟ್ರೋ ಅದಕ್ಕೆ ಕಣ್ಣು ಮುಚ್ಕೊಂಡು ಸಹಿ ಹಾಕ್ದೆ, ಅಷ್ಟೇ.”

ವಿಚಾರಣಾಧಿಕಾರಿ ಟೈಪಕ್ಕನ ಕಡೆ ತಿರುಗಿದರು. ಅವಳು ಚೀಲದಿಂದ ಎಣ್ಣೆ ಜಿಡ್ಡಿನ ಆ ಹಳೆಯ ಹಾಳೆ ತೆಗೆದು ಅವರ ಮುಂದೆ ಬಿಡಿಸಿಟ್ಟಳು.

“ನೋಡಿ ಸಾರ್,” ಎಂದಳು, “ನಮ್ಮ ಸಾಹೇಬ್ರು ಕಣ್ಣು ಮುಚ್ಕೊಂಡೇ ಎಷ್ಟು ನೆಟ್ಟಗೆ ಗೀಟು ಎಳ್ದಿದ್ದಾರೆ.”