ನಿನ್ನೆ ಎಷ್ಟು ನೀರು ಕುಡಿದಿರಿ?

ಈಗ ಹೇಳಹೊರಟಿರುವ ಮನೆಯ ಉತ್ತರಗಳು ನಮ್ಮ ಅಧ್ಯಯನದ ಲೆಕ್ಕದಲ್ಲಿ ಇಲ್ಲ. ಕೇಳಲು ಹೋದವಳು ಬುದ್ಧಿ ಹೇಳಿ ಬಂದಿದ್ದಾಳೆ, ಹೀಗಾದರೆ ಲೆಕ್ಕ ಕೆಡುತ್ತದೆ ಎಂದು ಮೇಲಿನವರು ತೆಗೆದುಹಾಕಿದರು. ತೆಗೆದದ್ದು ಸರಿಯೇ. ಆದರೆ ಲೆಕ್ಕಕ್ಕೆ ಬೇಡವಾದದ್ದು ನನ್ನ ತಲೆಯಿಂದಲೂ ಹೋಗಬೇಕಲ್ಲ? ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಸುರಿಯರನ್ನು ಗುರುತಿಸುವುದು, ಹೆರಿಗೆಯಾಗಿ ಕೂಸು ತಾನಾಗಿ ಕೂರುವವರೆಗೆ ಆಗಾಗ ಅವರ ಮನೆಗೆ ಹೋಗುವುದು. ಏನು ಉಂಡಿರಿ, ಎಷ್ಟು ಮಲಗಿದಿರಿ, ಕೂಸಿಗೆ ಏನು ಕುಡಿಸಿದಿರಿ ಎಂದು ಕೇಳಿ ಟ್ಯಾಬಿನಲ್ಲಿ ತುಂಬುವುದು. ಕೂಸನ್ನು ತೂಗುವುದು. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಕೇಳಿ, ಹೇಳಬೇಡಿ. ತಾಯಿಗೋ ಕೂಸಿಗೋ ಅಪಾಯ ಕಂಡರೆ ಆಸ್ಪತ್ರೆಗೆ ಕಳಿಸಿ. ಉಳಿದಂತೆ ಯಾರು ಏನೇ ಹೇಳಿದರೂ ಹುಬ್ಬು ಕೂಡ ಏರಿಸಬಾರದು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಕೆಲಸಕ್ಕೆ ಸೇರಿದೆನೆಂದು ಹೇಳಿದಾಗ ಮಸ್ಕಿಯಲ್ಲಿರುವ ನಮ್ಮವ್ವ, "ನೀನಾ? ಬಾಯಿ ಮುಚ್ಕೊಂಡು ಕೇಳೋ ಕೆಲಸಾ? ದೇವರ ಕಾಯಬೇಕು" ಎಂದು ನಕ್ಕಿದ್ದಳು.

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಲಿಂಗಸುಗೂರು ಕಡೆಯ ಅವಳ ಗಂಡನ ಮನೆಯಲ್ಲಿ. ಆಗ ಅವಳು ತುಂಬು ಬಸುರಿ. ಬಹಳ ಮಾತಿನವಳು. ನಾನು ಟ್ಯಾಬು ತೆಗೆದು ಕೇಳಲು ಶುರುಮಾಡುವ ಮೊದಲೇ ಅವಳೇ ನನ್ನನ್ನು ಕೇಳಿದಳು: "ಮೇಡಮ್ಮಾರ, ನಿಮ್ಮ ಹೊಟ್ಟಿ ನನ್ನ ಹೊಟ್ಟಿಗಿಂತ ದೊಡ್ಡದೈತಲ್ರೀ. ನಿಮಗೆಷ್ಟು ತಿಂಗಳು?"

"ನನಗ ಹದಿನಾಲ್ಕು ವರ್ಷ" ಎಂದೆ. ಎರಡನೆಯವನು ಹುಟ್ಟಿ ಅಷ್ಟಾಗಿತ್ತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕದ್ದು ನಕ್ಕದ್ದೇ. ಅವಳ ಅತ್ತೆ ಮಾತ್ರ ನಗಲಿಲ್ಲ. ನನ್ನ ಹೊಟ್ಟೆಯನ್ನು ಒಮ್ಮೆ ಅಳೆದು ನೋಡಿ, "ಬಾಣಂತನ ಬರೋಬ್ಬರಿ ಆಗಿಲ್ಲ ನಿಮ್ಮದು" ಎಂದು ತೀರ್ಪು ಕೊಟ್ಟಳು.

ಸೀಮಂತದ ಕುಬಸ ಮುಗಿಸಿಕೊಂಡು ಹುಡುಗಿ ತವರಿಗೆ, ಅಂದರೆ ಸಿಂಧನೂರು ಕಡೆಯ ಗೊರೇಬಾಳಕ್ಕೆ ಬಂದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಅಧ್ಯಯನದ ಅರ್ಧ ತಾಪತ್ರಯ ಇದೇ, ಬಸುರಿ ಒಂದು ತಾಲ್ಲೂಕಿನಲ್ಲಿ ಇದ್ದರೆ ಬಾಣಂತಿ ಇನ್ನೊಂದರಲ್ಲಿ. ಆಸ್ಪತ್ರೆಯಲ್ಲಿ ಸಲೀಸಾಗಿ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿತೆಂದು ಗೊತ್ತಾದ ಮೇಲೆ ನಾನು ಗೊರೇಬಾಳಕ್ಕೆ ಹೋದೆ.

ಮನೆ ಕಾಲುವೆಯ ಪಕ್ಕದಲ್ಲೇ. ಎರಡನೆಯ ಬೆಳೆಯ ಭತ್ತ ನಿಂತಿತ್ತು, ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು, ಬಿಸಿಲು ಆಗಲೇ ಚುರುಕಾಗಿತ್ತು. ಸ್ಕೂಟಿ ನಿಲ್ಲಿಸಿದ ಕೂಡಲೇ ಹುಡುಗಿಯ ತಾಯಿ ಹೊರಗೆ ಬಂದಳು. "ಬರ್ರಿ ಮೇಡಮ್ಮಾರ, ಬಿಸಿಲಾಗ ಬಂದೀರಿ, ನೀರು ಕುಡೀರಿ" ಎಂದು ಚರಗಿ ತುಂಬ ಮಣ್ಣಿನ ಕೊಡದ ನೀರು ಕೈಗೆ ಕೊಟ್ಟಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಚರಗಿ ಹಿಡಿದುಕೊಂಡೇ ಒಳಗೆ ಹೋದೆ.

ಬಾಣಂತಿಯ ಕೋಣೆ ಕತ್ತಲು, ಕಾವು, ಲೋಬಾನದ ಹೊಗೆ. ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಹುಡುಗಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು, ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಕಟ್ಟಿಸಿಕೊಂಡು ಕೂತಿದ್ದಳು. ತುಟಿ ಒಡೆದಿತ್ತು. ನಾನು ಗಟಗಟ ನೀರು ಕುಡಿಯುವಾಗ ನನ್ನ ಗಂಟಲನ್ನೇ ನೋಡುತ್ತಿದ್ದಳು. ಲಿಂಗಸುಗೂರಿನಲ್ಲಿ ಅಷ್ಟು ನಕ್ಕವಳು ಇವಳೇನಾ ಅನ್ನಿಸಿತು.

ಕೇಳಬೇಕಾದ್ದನ್ನೆಲ್ಲ ಕೇಳಿದೆ. ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಜೋಳದ ರೊಟ್ಟಿ, ತುಪ್ಪ, ಅಂಟಿನ ಉಂಡೆ. ತಾಯಿ ಒಂದಕ್ಕೂ ಕಡಿಮೆ ಮಾಡಿರಲಿಲ್ಲ. ಆಮೇಲೆ ಟ್ಯಾಬಿನಲ್ಲಿದ್ದ ಪ್ರಶ್ನೆ ಬಂತು: ನಿನ್ನೆ ಎಷ್ಟು ನೀರು ಕುಡಿದಿರಿ?

ಹುಡುಗಿ ತಾಯಿಯ ಮುಖ ನೋಡಿ, "ಬೇಕಾದಷ್ಟು ಕುಡದೀನ್ರಿ" ಎಂದಳು.

ಬೇಕಾದಷ್ಟು ಎಂದು ತುಂಬಿಕೊಂಡೆ. ಇನ್ನೇನು ಮಾಡುವುದು? ತಕ್ಕಡಿಯ ಕೊಕ್ಕೆಗೆ ಜೋಳಿಗೆ ಸಿಕ್ಕಿಸಿದಾಗ ತಾಯಿ ಅಡ್ಡ ಬಂದಳು. "ಕೂಸೇನು ಬದನಿಕಾಯೇನ್ರಿ ಸಂತ್ಯಾಗ ತೂಗಿದಂಗ ತೂಗಾಕ?" ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟು, ಮೂರು ಸಲ ಥೂ ಎಂದು ಉಗುಳಿ, ತೂಕವನ್ನು ಬಾಯಿ ಬಿಟ್ಟು ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆ ಒಪ್ಪಿದಳು. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವಂಥದ್ದೂ ಇರಲಿಲ್ಲ, ಕೂಸು ಹುಟ್ಟಿದಾಗಿನ ತೂಕಕ್ಕೆ ಇನ್ನೂ ಮರಳಿರಲಿಲ್ಲ. ಇಷ್ಟರಲ್ಲಿ ಮರಳಬೇಕಿತ್ತು.

ಅಷ್ಟರಲ್ಲಿ ಹೊರಗೆ ಎಮ್ಮೆ ಒದರಿತು. ಗಬ್ಬದ ಎಮ್ಮೆ, ಹಗ್ಗ ಸುತ್ತಿಕೊಂಡಿರಬೇಕೆಂದು ತಾಯಿ ಓಡಿದಳು. ಹುಡುಗಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು. "ಮೇಡಮ್ಮಾರ, ನೀರು ಕೊಡವೊಲ್ಲಳ್ರಿ. ಹೊತ್ತಿಗೊಂದು ಚಾದ ಕಪ್ಪಿನಷ್ಟು ಅಜವಾನದ ನೀರು, ಅಷ್ಟ. ನೀರು ಕುಡದ್ರ ಹೊಟ್ಟಿ ಬರ್ತೈತಂತ."

"ಮತ್ತ ಹೆಂಗ ತಡಕೊಂಡಿದ್ದಿ?"

"ಎರಿಯೋ ಮುಂದ ಬಾಯಿ ತಗೀತೀನ್ರಿ. ಮಾರಿ ಮ್ಯಾಲ ಹೊಯ್ದದ್ದನ್ನ ನುಂಗ್ತೀನಿ. ಹೇಳಬ್ಯಾಡ್ರಿ ಮತ್ತ."

ಬಾಣಂತಿಯ ಸ್ನಾನದ ನೀರು ಎಂಥದೆಂದು ಗೊತ್ತಿದ್ದವರಿಗೆ ಗೊತ್ತು. ಬೇವಿನ ಎಲೆ ಕುದಿಸಿದ್ದು, ಮೈ ಕೆಂಪಾಗುವಷ್ಟು ಬಿಸಿ. ನನ್ನ ಬಾಣಂತನದಲ್ಲಿ ಕದ್ದು ಬಾಟಲಿ ತಂದುಕೊಡಲು ತಂಗಿ ಇದ್ದಳು, ನನಗೆ ಈ ಅವಸ್ಥೆ ಬಂದಿರಲಿಲ್ಲ. ಮೂಗಿನ ತುದಿಯಲ್ಲಿದ್ದ ಸಿಟ್ಟು ಹೊರಬಿತ್ತು. ಅದು ಯಾರ ಮೇಲಿನ ಸಿಟ್ಟೆಂದು ಹೇಳಲಾರೆ, ಆದರೆ ಕೈಗೆ ಸಿಕ್ಕವಳು ತಾಯಿ.

ಆಕೆ ಒಳಗೆ ಬಂದಳೋ ಇಲ್ಲವೋ ಎದ್ದು ನಿಂತೆ. ಹುಡುಗಿ ಹೇಳಿದ್ದನ್ನು ಹೇಳಲಿಲ್ಲ, ಉಳಿದದ್ದನ್ನೆಲ್ಲ ಹೇಳಿದೆ. "ಮನಿ ಮುಂದ ಕಾಲುವಿ ತುಂಬಿ ಹರಿಯಾಕತ್ತೈತಿ, ನಿಮ್ಮ ಮಗಳ ತುಟಿ ನೋಡ್ರಿ! ಕೆಂಡದ ಮ್ಯಾಲ ಕುಂಡ್ರಿಸಿ ನೀರು ಕೊಡಲಿಲ್ಲಂದ್ರ ಆಕಿ ಮನಿಷ್ಯಾಳೋ ಹಪ್ಪಳವೋ?"

ತಾಯಿ ಕದಲಲಿಲ್ಲ. "ಮೇಡಮ್ಮಾರ, ನೀವು ಕೇಳಾಕ ಬಂದೀರೋ, ಹೇಳಾಕ ಬಂದೀರೋ?"

ನಮ್ಮ ತರಬೇತಿಯನ್ನೆಲ್ಲ ಆಕೆ ಒಂದೇ ಮಾತಿನಲ್ಲಿ ನನ್ನ ಮುಖಕ್ಕೆ ಹಿಡಿದಳು. ಕೂಸಿನ ತೂಕದ ವಿಷಯವನ್ನು ಹೇಳುವುದು ಮಾತ್ರ ನನ್ನ ಕೆಲಸದೊಳಗೇ ಇತ್ತು. ಸಿಂಧನೂರಿನ ಮಕ್ಕಳ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದು ಹೇಳಿ ಹೊರಬಿದ್ದೆ. ಆಫೀಸಿಗೆ ಬಂದು ನಡೆದದ್ದನ್ನು ನಮ್ಮ ಮೇಲಿನ ಮೇಡಂಗೆ ಹೇಳಿದೆ. "ತಡಕೊಳ್ಳಬೇಕಿತ್ತು" ಎಂದರು ಅವರು. "ಮತ್ತೆ ಹೋಗಿ ಬಾ" ಎಂದೂ ಅಂದರು.

ತಾಯಿ ಅಂಥ ಕಲ್ಲೆದೆಯವಳಲ್ಲ. ಮರುದಿನವೇ ಆಟೋ ಮಾಡಿಕೊಂಡು ಸಿಂಧನೂರಿಗೆ ಹೋಗಿದ್ದಳು. ಡಾಕ್ಟರು ಕೂಸನ್ನು ಪೂರ್ತಿ ನೋಡಿ, ಕಾಯಿಲೆ ಏನಿಲ್ಲ, ಹಾಲು ಸಾಲುತ್ತಿಲ್ಲ, ಮೇಲಿಂದ ಮೇಲೆ ಎದೆಗೆ ಹಾಕಿ, ಬಾಣಂತಿ ಚೆನ್ನಾಗಿ ಉಣ್ಣಲಿ, ಬೇಕಾದಷ್ಟು ನೀರು ಕುಡಿಯಲಿ ಎಂದು ಕಳಿಸಿದ್ದರು. ಆಕೆ ಎಲ್ಲವನ್ನೂ ಮಾಡಿದಳು, ನೀರೊಂದನ್ನು ಬಿಟ್ಟು. ತುಪ್ಪ ಹೆಚ್ಚಿಸಿದಳು, ಉಂಡೆ ಹೆಚ್ಚಿಸಿದಳು. ಇವೆಲ್ಲ ನನಗೆ ಗೊತ್ತಾದದ್ದು ಮುಂದಿನ ಸಲ ಹೋದಾಗ.

ಆ ಸಲ ದಾರಿಯುದ್ದಕ್ಕೂ ಬಾಯಿ ಬಿಡಬಾರದೆಂದು ನನಗೆ ನಾನೇ ಬೈದುಕೊಂಡು ಹೋದೆ. ಮುಖ ಕೊಟ್ಟು ಮಾತಾಡಿಸುತ್ತಾಳೋ ಇಲ್ಲವೋ ಎಂಬ ಅಂಜಿಕೆಯೂ ಇತ್ತು. ನೋಡಿದರೆ ಆಕೆ ಎಮ್ಮೆಯ ಮುಂದೆ ಕೂತಿದ್ದಾಳೆ. ಹಿಂದಿನ ದಿನ ಎಮ್ಮೆ ಈದಿತ್ತು. ಬೆಲ್ಲ, ನುಚ್ಚು ಕಲಸಿದ ಉಗುರುಬೆಚ್ಚಗಿನ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕುಡಿಸುತ್ತಿದ್ದಳು. ಒಂದು ಬಕೆಟ್ಟು ಖಾಲಿಯಾಯಿತು, ಇನ್ನೊಂದನ್ನು ತಂದಿಟ್ಟಳು. "ಕುಡಿ ನಮ್ಮವ್ವ, ಕುಡಿ" ಎಂದು ಅದರ ಕೊರಳು ಸವರಿದಳು.

"ಎಷ್ಟ್ ನೀರು ಕುಡೀತೈತ್ರಿ ಯಕ್ಕಾ" ಎಂದೆ. ಇದನ್ನು ಕೇಳಬಹುದಲ್ಲ, ಕೇಳುವುದೇ ನನ್ನ ಕೆಲಸ.

"ಕುಡೀಬೇಕಲ್ರಿ ಮತ್ತ. ಈದ ಎಮ್ಮಿ ನೀರು ಕುಡೀದಿದ್ರ ಹಾಲೆಲ್ಲಿಂದ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ಹುಬ್ಬು ಏರಿಸಲಿಲ್ಲ, ಬೇಕಾದರೆ ದೇವರ ಮುಂದೆ ನಿಂತು ಹೇಳುತ್ತೇನೆ.

ಆಕೆ ಬಕೆಟ್ಟು ಕೆಳಗಿಟ್ಟು ಗಟ್ಟಿಯಾಗಿ ಹೇಳಿದಳು. "ತಿಳೀತೈತ್ರಿ ನನಗೂ. ನಾನೇನು ದನ ಅಲ್ಲ. ಆದ್ರ ಎಮ್ಮಿಗೆ ಹೊಟ್ಟಿ ಬಂದ್ರ ಯಾರರ ಏನರ ಅಂತಾರೇನು? ಈಕಿ ಐದು ತಿಂಗಳಿಗೆ ಗಂಡನ ಮನಿಗೆ ಹೋಗಾಕಿ. ತವರಾಗ ಬಾಣಂತನ ಬರೋಬ್ಬರಿ ಮಾಡಿಲ್ಲ, ಹೊಟ್ಟಿ ಇಟ್ಟು ಕಳಿಸ್ಯಾರ ಅಂತ ಆಕೀ ಅತ್ತಿ ಊರೆಲ್ಲಾ ಹೇಳಿದ್ರ? ನಾ ಎಲ್ಲಿ ಮಾರಿ ತೋರಿಸ್ಲಿ? ಜೀವನಪೂರ್ತಿ ಕೇಳಬೇಕಲ್ಲ ಆಕಿ ಆ ಮಾತು."

ಲಿಂಗಸುಗೂರಿನ ಆ ಅತ್ತೆ ನನ್ನ ಹೊಟ್ಟೆ ನೋಡಿ ಅಂದದ್ದು ನೆನಪಾಯಿತು. ಈ ಹೆಂಗಸಿನ ಅಂಜಿಕೆ ಸುಳ್ಳಲ್ಲ. ಆದರೆ ಒಳಗೆ ಹುಡುಗಿ ಕಾವಿನಲ್ಲಿ ಒಣಗುತ್ತಿದ್ದಳು, ಕೂಸು ಸಣ್ಣ ದನಿಯಲ್ಲಿ ಅಳುತ್ತಿತ್ತು. ತರಬೇತಿ, ಮೇಡಂ, ಟ್ಯಾಬು, ಎಲ್ಲ ಹಾಳಾಗಿ ಹೋಗಲಿ ಎಂದು ಸೆರಗು ಸರಿಸಿದೆ.

"ಯಕ್ಕಾ, ಇಲ್ಲಿ ನೋಡ್ರಿ. ನಮ್ಮವ್ವ ನನ್ನ ಎರಡೂ ಬಾಣಂತನದಾಗ ಕೈಯಾರೆ ನೀರು ಕೊಟ್ಟಾಕಿ ಅಲ್ಲ. ಉಸಿರು ಸಿಗಲಾರದಂಗ ಹೊಟ್ಟಿ ಕಟ್ಟಿದ್ಲು. ತಂಗಿ ಕದ್ದು ತಂದ ನಾಲ್ಕು ಗುಟುಕು ಬಿಟ್ರ ನಾ ಏನೂ ಕುಡದಿಲ್ಲ. ನಾಲ್ಕು ಗುಟುಕಿಗೆ ಬರೋ ಹೊಟ್ಟಿಯೇನ್ರಿ ಇದು? ಬರೋ ಹೊಟ್ಟಿ ಹೆಂಗೂ ಬರ್ತೈತಿ. ನಿಮ್ಮ ಬೀಗಿತ್ತಿ ಏನರ ಅಂದ್ರ ನನ್ನ ಕರೀರಿ, ಬಂದು ತೋರಿಸಿ ಹೋಗ್ತೀನಿ!"

ತಾಯಿ ಬಿಟ್ಟ ಕಣ್ಣಿಂದ ನೋಡಿದಳು. ಮನೆಯ ಬಾಗಿಲಿಗೆ ಬಂದು ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು, ಮೊದಲಿನ ಅದೇ ನಗೆ. ತಾಯಿ ಅವಳಿಗೆ ಬೈಯಲು ತಿರುಗಿದವಳು ತಾನೇ ತಡೆಯಲಾರದೆ ನಕ್ಕಳು. "ಸೆರಗು ಹೊಚ್ಚಿಕೊಳ್ರಿ ಮಾರಾಯ್ತಿ, ಯಾರರ ಬಂದಾರು!"

ನಗು ಇಳಿದಾಗ ಹುಡುಗಿ ಬಾಗಿಲು ಹಿಡಿದುಕೊಂಡೇ ಅಂದಳು, "ಯವ್ವಾ, ನೀರು ಕೊಡಬೇ."

ತಾಯಿ ಕೈ ತೊಳೆದುಕೊಂಡು ಒಳಗೆ ಹೋಗಿ, ಕಾಯಿಸಿ ಆರಿಸಿದ ನೀರನ್ನು ಚರಗಿ ತುಂಬ ತಂದುಕೊಟ್ಟಳು. ಹುಡುಗಿ ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದಳು. ಗಲ್ಲ, ಕೊರಳು, ಸೀರೆ ಎಲ್ಲ ತೊಯ್ದವು. ಖಾಲಿ ಚರಗಿಯನ್ನು ಮತ್ತೆ ಮುಂದೆ ಹಿಡಿದಳು. ತಾಯಿ ಮತ್ತೆ ತುಂಬಿದಳು.

ನೀರು ಕುಡಿದ ಮಾತ್ರಕ್ಕೆ ಹಾಲು ಹೊಳೆಯಾಗುತ್ತದೆಂದು ನಾನು ಹೇಳುವುದಿಲ್ಲ. ಮೇಲಿಂದ ಮೇಲೆ ಕುಡಿಸಿದ್ದೂ ಇತ್ತು, ಅಗ್ಗಿಷ್ಟಿಗೆ ಹೊರಗೆ ಹೋದದ್ದೂ ಇತ್ತು. ಅಂತೂ ಅದರ ಮುಂದಿನ ಭೇಟಿಯಲ್ಲಿ ತಕ್ಕಡಿಯ ಮುಳ್ಳು ಹುಟ್ಟಿದಾಗಿನ ತೂಕವನ್ನು ದಾಟಿ ನಿಂತಿತು. ಮಾತಿನಂತೆ ಬಾಯಿ ಬಿಡದೆ ಮುಳ್ಳನ್ನು ತಾಯಿಗೆ ತೋರಿಸಿದೆ. ಆಕೆ ಥೂ ಥೂ ಎಂದು ಉಗುಳಿ ಕೂಸನ್ನು ಎದೆಗೆ ಒತ್ತಿಕೊಂಡಳು.

ಹುಡುಗಿ ನಿದ್ದೆ ಹೋಗಿದ್ದಳು. ಅವಳ ತಲೆಯ ಹತ್ತಿರ ಚರಗಿ ಮುಚ್ಚಿಟ್ಟಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ತಕ್ಕಡಿ ಮಡಚುತ್ತಿದ್ದಾಗ ತಾಯಿ ಬಂದು ಪಕ್ಕದಲ್ಲಿ ಕೂತಳು.

"ಮೇಡಮ್ಮಾರ, ನಿಮಗ ಹೇಳಿದ್ಲೋ ಏನೋ, ಎರಿಯೋ ಮುಂದ ಆಕಿ ನೀರು ನುಂಗ್ತಿದ್ಲು. ಅದು ನನಗ ಗೊತ್ತಿತ್ರಿ."

ನಾನು ತಲೆ ಎತ್ತಿದೆ.

"ಈಕಿನ್ನ ಹಡದಾಗ ನಾನೂ ನುಂಗೀನಿ. ಗೊತ್ತಾಗಲಾರದೆ ಇರ್ತೈತೇನ್ರಿ? ಅದಕ್ಕ ಮಾರಿ ಮ್ಯಾಲ ಹೊಯ್ಯೋ ಮುಂದ ಜರಾ ತಣ್ಣೀರು ಬೆರಸ್ತಿದ್ದೆ. ನಿಧಾನ ಹೊಯ್ತಿದ್ದೆ."

ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡೇ ಓಡಾಡುವ ನನಗೆ ಅಳು ಬಂತು. ಆಕೆ ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು. "ಬಿಸಿಲಾಗ ಬಂದೀರಿ, ನೀರು ಕುಡೀರಿ" ಎಂದು ಚರಗಿ ತಂದು ಕೈಗೆ ಕೊಟ್ಟಳು.