ಸವಣೂರು ಖಾರದ ಕೊಸರು

ಸ್ಪರ್ಧಾ ಕಾನೂನಿನ ತನಿಖಾ ವಿಭಾಗದಲ್ಲಿ ಉಪನಿರ್ದೇಶಕನಾಗಿ ನಾನು ದೆಹಲಿಯಲ್ಲಿದ್ದ ಕೊನೆಯ ವರ್ಷ ಅದು. ಆನ್‌ಲೈನ್ ಮಾರಾಟದ ಬಹುಪಾಲನ್ನು ಹಿಡಿದಿಟ್ಟುಕೊಂಡಿದ್ದ ಒಂದು ತಂತ್ರಜ್ಞಾನ ಕಂಪನಿಯ ಕಡತ ನನ್ನ ಮೇಜಿನ ಮೇಲಿತ್ತು. ತನ್ನ ಆ್ಯಪ್‌ನಲ್ಲಿ ಮಾರುವ ವ್ಯಾಪಾರಿ ಬೇರೆಲ್ಲೂ, ಸ್ವಂತ ಅಂಗಡಿಯಲ್ಲಿ ಸಹ, ಅದಕ್ಕಿಂತ ಅಗ್ಗವಾಗಿ ಮಾರಬಾರದೆಂದು ಕಂಪನಿ ಕಟ್ಟುಪಾಡು ಹಾಕಿದೆ ಎಂಬುದು ಆರೋಪ. ಇದಕ್ಕೆ ಪ್ರೈಸ್ ಪ್ಯಾರಿಟಿ ಎನ್ನುತ್ತಾರೆ. ಇದಿದ್ದರೆ ಆ್ಯಪ್ ಕಮಿಷನ್ ಏರಿಸಿದರೂ ಗಿರಾಕಿಗೆ ಅಗ್ಗದ ಬೇರೆ ದಾರಿ ಉಳಿಯುವುದಿಲ್ಲ. ಅಂಥ ಷರತ್ತೇ ಇಲ್ಲವೆಂದು ಕಂಪನಿ ಲಿಖಿತವಾಗಿ ಉತ್ತರಿಸಿತ್ತು. ಒಪ್ಪಂದದ ಪುಟಗಳಲ್ಲಿ ನಿಜಕ್ಕೂ ಇರಲಿಲ್ಲ. ಹೇಳಿಕೆಗೆಂದು ಕರೆಸಿದ ದೊಡ್ಡ ವ್ಯಾಪಾರಿಗಳು ನಮ್ಮ ಚಹಾ ಕುಡಿದು, ಷರತ್ತಿನ ಬಗ್ಗೆ ಏನೂ ಹೇಳದೆ ಹೋದರು.

ಆಗ ಸವಣೂರಿನಿಂದ ಕನ್ನಡದಲ್ಲಿ ಒಂದು ಪತ್ರ ಬಂತು. ಕಚೇರಿಯಲ್ಲಿ ಅದನ್ನು ಓದಬಲ್ಲವನು ಸವಣೂರಿನ ಹತ್ತಿರದ ಬಂಕಾಪುರದವನಾದ ನಾನೊಬ್ಬನೇ. ಬರೆದವರು ಆ ಊರಿಗೆ ಹೆಸರು ತಂದ ಕರಿದ ತಿಂಡಿ, ಖಾರ, ಮಾಡಿ ಮಾರುವ ರತ್ನವ್ವ. ಆ್ಯಪ್‌ನಲ್ಲಿದ್ದ ಅವರ ಅಂಗಡಿಯನ್ನು ಕಂಪನಿ ಮುಚ್ಚಿತ್ತು. ಜೊತೆಗಿದ್ದ ನೋಟಿಸಿನಲ್ಲಿ ಕಾರಣ ಹೀಗಿತ್ತು: ಅದೇ ಬೆಲೆಗೆ ನಿಮ್ಮ ಸ್ವಂತ ಅಂಗಡಿಯಲ್ಲಿ ಹೆಚ್ಚು ಪ್ರಮಾಣ ನೀಡುತ್ತಿದ್ದೀರಿ.

ನಾನು ಸವಣೂರಿಗೆ ಹೋದೆ.

"ಕಂಪನಿ ಮನಷ್ಯಾ ಗಿರಾಕಿ ಹಂಗ ಬಂದಿದ್ದಾರೀ. ಪಾವ್ ಕೇಜಿ ತೊಗೊಂಡಾ. ಎಲ್ಲಾರಿಗೂ ಹಾಕ್ದಂಗ ಅವಂಗೂ ಒಂದ್ ಮುಷ್ಟಿ ಕೊಸರು ಹಾಕಿದ್ನಿ. ತಿನ್ಕೋತ ಹ್ವಾದಾ, ಹೋಗಿ ಚಾಡಿ ಬರ್ದಾ!" ಎಂದರು ರತ್ನವ್ವ.

ತೂಗಿದ ಮೇಲೆ ಕೈಯಿಂದ ಹಾಕುವ ಆ ಮುಷ್ಟಿಯೇ ಕಂಪನಿಯ ಕಣ್ಣಿಗೆ ಬಿದ್ದ ಅಪರಾಧ. ಇನ್ನು ಮುಂದೆ ಕೊಸರು ಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಆ್ಯಪ್‌ನ ಅಂಗಡಿ ಮತ್ತೆ ತೆರೆಯುತ್ತಿತ್ತು. ಅವರ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ನನಗೆ ಹೇಳಿಕೆ ಕೊಟ್ಟರೆ ಅದು ಎಂದಿಗೂ ತೆರೆಯದೇ ಹೋಗಬಹುದು. ಹೆಸರು ಮುಚ್ಚಿಟ್ಟರೂ ಕಂಪನಿಗೆ ಗೊತ್ತಾಗುತ್ತದೆ ಎಂದು ನಾನು ಎಚ್ಚರಿಸಿದೆ.

"ಹೆಸರು ಮುಚ್ಚೂದ್ಯಾಕ್ರಿ? ಕಳವು ಮಾಡೇನೇನು? ತಕ್ಕಡಿ ಅವರ ಮಾತು ಕೇಳಲಿ ಬೇಕಾದ್ರ. ಕೈ ನಂದೈತಿ."

ಅವರು ಎದ್ದು ನಿಂತು ಹೀಗೆಂದರೆಂದು ಎಷ್ಟೋ ಸಲ ಹೇಳಿದ್ದೇನೆ. ಅಂದಿನ ಟಿಪ್ಪಣಿಯಲ್ಲಿ ಅವರು ಕುಳಿತೇ ಇದ್ದಾರೆ, ಎಣ್ಣೆಯೊಳಗಿನ ಖಾರವನ್ನು ಝಾರಿ ಸೌಟಿನಿಂದ ತಿರುವುತ್ತ. ಟಿಪ್ಪಣಿಯನ್ನೇ ನಂಬುತ್ತೇನೆ.

ಹೇಳಿಕೆಗೆ ಸಹಿಯಾದ ಮೇಲೆ ನಾನು ದುಡ್ಡು ಕೊಟ್ಟು ಪಾವು ಕಿಲೊ, ಎಂದರೆ ಕಾಲು ಕಿಲೊ, ಖಾರ ಕೊಂಡೆ. ಬೇಡವೆನ್ನುವಷ್ಟರಲ್ಲಿ ಕೊಸರು ಬಿದ್ದಿತ್ತು. ಸಾಕ್ಷಿಯಿಂದ ಏನನ್ನೂ ಪಡೆಯುವಂತಿಲ್ಲ ಎಂದೆ.

"ಹಂಗಾರ ಅದನ್ನೂ ಬರ್ಕೋರಿ ಸಾಹೇಬ್ರ. ಕಂಪನಿಯವಂಗೂ ನಿಮಗೂ ಒಂದ ಮುಷ್ಟಿ ಅಂತ ಬರೀರಿ."

ಬರೆದುಕೊಂಡೆ.

ಸ್ಪರ್ಧಾ ಆಯೋಗದ ವಿಚಾರಣೆಯಲ್ಲಿ ಕಂಪನಿಯ ವಕೀಲರು ಆ ಸಾಲನ್ನೇ ಎತ್ತಿಕೊಂಡರು. ತನಿಖಾಧಿಕಾರಿ ಸಾಕ್ಷಿಯಿಂದ ಲಾಭ ಪಡೆದಿದ್ದಾರೆ ಎಂದರು.

ನಾನು ಹೇಳಿದೆ: "ಒಂದು ಮುಷ್ಟಿ ಖಾರ ಲಾಭವಲ್ಲದಿದ್ದರೆ ಆಕೆಯ ಅಂಗಡಿ ಮುಚ್ಚಿದ್ದೇಕೆ? ಅದು ಲಾಭವೇ, ಬೆಲೆ ಇಳಿಸಿದಂತೆಯೇ ಎನ್ನುವುದಾದರೆ, ನೀವೇ ಇಲ್ಲವೆಂದ ಷರತ್ತಿನ ಮೇಲೆ ಮುಚ್ಚಿದ್ದೀರಿ. ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಿ."

ಕೋಣೆ ಸ್ತಬ್ಧವಾಯಿತು ಎಂದು ಬರೆಯಲು ಆಸೆ. ಆಗಲಿಲ್ಲ, ವಕೀಲರು ಸಮಯ ಕೇಳಿದರು, ಸಿಕ್ಕಿತು. ಆದರೆ ಕೊನೆಯ ಆದೇಶ ಆ ನೋಟಿಸನ್ನೇ ಆಧರಿಸಿ, ಷರತ್ತು ಇತ್ತೆಂದೂ ಅದು ಅಕ್ರಮವೆಂದೂ ಹೇಳಿತು. ಕಂಪನಿ ಮೇಲ್ಮನವಿ ಹಾಕಿದೆ. ನಾನು ನಿವೃತ್ತನಾದೆ. ರತ್ನವ್ವನ ಆ್ಯಪ್ ಅಂಗಡಿ ಇಂದಿಗೂ ತೆರೆದಿಲ್ಲ.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಬಲಾಢ್ಯರು ತಮ್ಮ ಕಟ್ಟಳೆಯನ್ನು ಒಪ್ಪಂದದಲ್ಲಿ ಬರೆಯುವುದಿಲ್ಲ; ಅತಿ ಸಣ್ಣವರಿಗೆ ಕಳಿಸುವ ನೋಟಿಸಿನಲ್ಲಿ ಬರೆಯುತ್ತಾರೆ. ಹುಡುಕುವವರು ಅಲ್ಲಿ ಹುಡುಕಬೇಕು.

ಕಳೆದ ತಿಂಗಳು ಸವಣೂರಿಗೆ ಹೋಗಿದ್ದೆ. ವ್ಯಾಪಾರ ಕಡಿಮೆಯಾಗಿದೆ, ರತ್ನವ್ವ ಅದನ್ನು ಮುಚ್ಚಿಡಲಿಲ್ಲ. ಪಾವು ಕಿಲೊ ತೂಗಿ, ಮುಷ್ಟಿ ತುಂಬಿ ನನ್ನತ್ತ ನೋಡಿದರು.

"ಈಗರ ಕೈ ಒಡ್ರಿ. ನೌಕರಿ ಮುಗೀತಲ್ಲ?"

ಒಡ್ಡಿದೆ. ಎರಡು ಮುಷ್ಟಿ ಬಿತ್ತು.